ಹಿಮದ ಮೇಲೆ ಇಳಿಯುವ ಸಣ್ಣ ವಿಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೂರದ ಹಿಮಪ್ರದೇಶದ ಏರ್‌ಸ್ಟ್ರಿಪ್‌ಗಳಲ್ಲಿ, ಅಂದರೆ ವಿಮಾನ ಇಳಿಯುವ ಪುಟ್ಟ ಪಟ್ಟಿಗಳಲ್ಲಿ, ಸಣ್ಣ ವಿಮಾನಗಳು ಇಳಿಯುವಾಗ ಆಗುವ ಅಪಘಾತಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮಂಗಳೂರು, ಉಡುಪಿ ಕಡೆಯಿಂದಲೇ ಹೆಚ್ಚು ಪತ್ರಗಳು ಬಂದಿವೆ. 2010ರಲ್ಲಿ ಮಂಗಳೂರಿನ ವಿಮಾನ ಬಿದ್ದ ಬಜ್ಪೆಯ ಗುಡ್ಡದ ನೆನಪು ಮಾಸದ ಜನ ಇದನ್ನು ಕೇಳುವುದು ಸಹಜವೇ. ಉತ್ತರಕ್ಕೆ ಮುಂಚೆ ಪದಗಳ ಬಗ್ಗೆ ಒಂದು ಮಾತು. ಚಾರ್ಮಾಡಿಯಲ್ಲಿ ಕವಿಯುವುದಕ್ಕೂ ಮಂಜು ಅನ್ನುತ್ತೇವೆ, ಹಿಮಾಲಯದಲ್ಲಿ ಬೀಳುವುದಕ್ಕೂ ಮಂಜು ಅನ್ನುತ್ತೇವೆ. ಪೈಲಟ್‌ಗೆ ಇವೆರಡೂ ಬೇರೆ ಬೇರೆ ಅಪಾಯ. ಆದ್ದರಿಂದ ಇಲ್ಲಿ ಗಾಳಿಯಲ್ಲಿ ತೇಲುವುದು ಮಂಜು, ನೆಲದ ಮೇಲೆ ಬಿದ್ದದ್ದು ಹಿಮ, ಕಲ್ಲಿನಂತೆ ಗಟ್ಟಿಯಾದದ್ದು ಮಂಜುಗಡ್ಡೆ.

ಪ್ರಶ್ನೆ: ನಮ್ಮ ರನ್‌ವೇ 2,450 ಮೀಟರ್ ಇದ್ದೂ 2010ರಲ್ಲಿ ಸಾಲಲಿಲ್ಲ. ನೇಪಾಳದ ಲುಕ್ಲಾದಲ್ಲಿ 527 ಮೀಟರ್ ಮಾತ್ರವಂತೆ. ಅಷ್ಟರೊಳಗೆ ವಿಮಾನ ನಿಲ್ಲುವುದು ಹೇಗೆ? (ಕೆಂಜಾರಿನ ಓದುಗರು)

ರನ್‌ವೇ ಎಷ್ಟು ಉದ್ದ ಇದೆ ಎನ್ನುವುದಕ್ಕಿಂತ ವಿಮಾನ ಎಲ್ಲಿ ನೆಲ ಮುಟ್ಟಿತು, ಎಷ್ಟು ವೇಗದಲ್ಲಿ ಮುಟ್ಟಿತು ಎನ್ನುವುದು ಮುಖ್ಯ. 2010ರ ಮೇ 22ರಂದು ದುಬೈಯಿಂದ ಬಂದ ಬೋಯಿಂಗ್ 737 ವಿಮಾನ ರನ್‌ವೇ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತ್ತು. ಮುಂದೆ ಉಳಿದಿದ್ದದ್ದು 2,800 ಅಡಿ, ಅಂದರೆ ಸುಮಾರು 850 ಮೀಟರ್. ಇಳಿಯುವ ಹಾದಿಯಲ್ಲಿ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ಕೋ-ಪೈಲಟ್ 'ಗೋ-ಅರೌಂಡ್' ಎಂದು ಮೂರು ಸಲ ಹೇಳಿದ್ದರು ಎಂದು ತನಿಖಾ ವರದಿ ದಾಖಲಿಸಿದೆ. ಗೋ-ಅರೌಂಡ್ ಎಂದರೆ ಇಳಿಯುವುದನ್ನು ಕೈಬಿಟ್ಟು, ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು, ಮೇಲೇರಿ ಇನ್ನೊಂದು ಸುತ್ತು ಬರುವುದು. ಅದು ಆಗಲಿಲ್ಲ. 158 ಮಂದಿಯನ್ನು ಕಳೆದುಕೊಂಡೆವು, ಎಂಟು ಮಂದಿ ಬದುಕುಳಿದರು.

ಈಗ ಲುಕ್ಲಾ. ಅಲ್ಲಿಗೆ ಹೋಗುವ ಟ್ವಿನ್ ಆಟರ್‌ನಂಥ ಸಣ್ಣ ವಿಮಾನ ಸುಮಾರು 75 ನಾಟ್ ವೇಗದಲ್ಲಿ ಇಳಿಯಲು ಬರುತ್ತದೆ ಎನ್ನಿ. ಲುಕ್ಲಾ ಸಮುದ್ರಮಟ್ಟದಿಂದ 2,845 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ವೇಗ ತೋರಿಸುವ ಮೀಟರ್ 75 ನಾಟ್ ತೋರಿಸುವಾಗ ನಿಜವಾದ ವೇಗ ಶೇ. 15ರಷ್ಟು ಹೆಚ್ಚು, ಅಂದರೆ ಸುಮಾರು 86 ನಾಟ್, ಗಂಟೆಗೆ 160 ಕಿ.ಮೀ. ವೇಗ ಶೇ. 15 ಹೆಚ್ಚಿದರೆ ಚಲನಶಕ್ತಿ ಶೇ. 32 ಹೆಚ್ಚುತ್ತದೆ. ಬ್ರೇಕು ತಿನ್ನಬೇಕಾದದ್ದು ಈ ಶಕ್ತಿಯನ್ನು. ಅಲ್ಲಿ ನೆರವಿಗೆ ಬರುವುದು ಏರು. ರನ್‌ವೇ ಶೇ. 11.7ರಷ್ಟು ಓರೆಯಾಗಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 62 ಮೀಟರ್ ಎತ್ತರದ ವ್ಯತ್ಯಾಸ, ಇಪ್ಪತ್ತು ಮಹಡಿಯ ಕಟ್ಟಡದಷ್ಟು. ಗಂಟೆಗೆ 160 ಕಿ.ಮೀ. ಓಡುವ ವಸ್ತುವಿನ ಶಕ್ತಿಯೆಲ್ಲ ಬರೀ ಏರು ಹತ್ತುವುದರಲ್ಲೇ ಖರ್ಚಾಗಬೇಕಾದರೆ ಅದು 100 ಮೀಟರ್ ಮೇಲೇರಬೇಕು. ಆ ಲೆಕ್ಕದಲ್ಲಿ ರನ್‌ವೇಯ ಪೂರ್ತಿ ಉದ್ದ ಓಡಿದರೆ ಶೇ. 60ರಷ್ಟು ಶಕ್ತಿಯನ್ನು ಗುಡ್ಡವೇ ನುಂಗುತ್ತದೆ. ಉಳಿದದ್ದು ಬ್ರೇಕಿಗೆ ಮತ್ತು ಹಿಮ್ಮುಖ ಎಳೆತ ಕೊಡುವ ಪ್ರೊಪೆಲ್ಲರ್‌ಗೆ.

ಕಷ್ಟವೂ ಇದೇ ಏರಿನಿಂದ ಬರುತ್ತದೆ. ಎದುರಿಗೆ ಏರಾಗಿರುವ ರನ್‌ವೇ ಕಂಡಾಗ 'ನಾನು ತುಂಬಾ ಮೇಲಿದ್ದೇನೆ' ಎಂದು ಕಣ್ಣು ಹೇಳುತ್ತದೆ. ಅದನ್ನು ನಂಬಿ ಕೆಳಗಿಳಿಸಿದರೆ ವಿಮಾನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬರುತ್ತದೆ. ಲುಕ್ಲಾದಲ್ಲಿ ಮೋಡವೂ ಸೇರಿದಾಗ ಆದದ್ದು ನೋಡಿ: 2008ರ ಅಕ್ಟೋಬರ್ 8ರಂದು ಮಂಜಿನಲ್ಲಿ ಟ್ವಿನ್ ಆಟರ್ ರನ್‌ವೇಯ ಹತ್ತಿರವೇ ಬಡಿದು 18 ಮಂದಿ ಸತ್ತರು, ಕ್ಯಾಪ್ಟನ್ ಒಬ್ಬರೇ ಉಳಿದರು. 2017ರ ಮೇ 27ರಂದು ಸರಕು ತಂದ ಲೆಟ್ 410 ರನ್‌ವೇ ತುದಿಗಿಂತ ಕೆಳಗೆ ಇಳಿಜಾರಿಗೆ ಬಡಿದು ಇಬ್ಬರು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ರನ್‌ವೇಯ ಆಚೆ ತುದಿಯಲ್ಲಿ ಬೆಟ್ಟದ ಗೋಡೆ ಇರುವುದರಿಂದ ಒಂದು ಹಂತ ದಾಟಿದ ಮೇಲೆ ಗೋ-ಅರೌಂಡ್ ಸಾಧ್ಯವಿಲ್ಲ. ಇಳಿಯುವುದೋ ಬಿಡುವುದೋ ಎಂಬ ತೀರ್ಮಾನ ಆ ಹಂತಕ್ಕೆ ಮುಂಚೆಯೇ, ಗಾಳಿಯಲ್ಲಿರುವಾಗಲೇ ಆಗಬೇಕು. ಇಂಥ ಸ್ಟ್ರಿಪ್‌ಗಳ ಅಪಘಾತಗಳನ್ನು ಓದುವಾಗ ನಾವು ಮೊದಲು ಹುಡುಕುವುದು ಚಕ್ರ ನೆಲ ಮುಟ್ಟಿದ ಮೇಲೆ ಏನಾಯಿತು ಎಂದಲ್ಲ, ಅದಕ್ಕೆ ಎರಡು ನಿಮಿಷ ಮೊದಲು ಏನಾಗಿತ್ತು ಎಂದು.

ಪ್ರಶ್ನೆ: ಗಾಳಿ ಇಲ್ಲದ ಬೆಳಗ್ಗೆ ಕಡಲೂ ಆಕಾಶವೂ ಒಂದೇ ಬಣ್ಣವಾದರೆ ಎದುರಿನ ದೋಣಿ ಎಷ್ಟು ದೂರ ಅಂತ ನಮಗೂ ಗೊತ್ತಾಗುವುದಿಲ್ಲ. 'ವೈಟ್‌ಔಟ್' ಅನ್ನುವುದು ಇದೇಯಾ? (ಮಲ್ಪೆ)

ಹೌದು, ನೀವು ಹೇಳಿದ್ದು ಅದರ ತಮ್ಮನೇ. ಮೇಲೆ ಬಿಳಿ ಮೋಡ, ಕೆಳಗೆ ಬಿಳಿ ಹಿಮ. ಬೆಳಕು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವುದರಿಂದ ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ದಿಣ್ಣೆಯೂ ಕಾಣದು, ಹಳ್ಳವೂ ಕಾಣದು, ಬೆಟ್ಟದ ಮೈಯೂ ಕಾಣದು. ಇದು ಮಂಜಲ್ಲ ಎಂಬುದನ್ನು ಗಮನಿಸಿ. ಗಾಳಿ ತಿಳಿಯಾಗಿರುತ್ತದೆ, ಹತ್ತು ಕಿ.ಮೀ. ಆಚೆಯ ಕಪ್ಪು ಬಂಡೆ ಚೆನ್ನಾಗಿ ಕಾಣಿಸುತ್ತದೆ. ಆದರೆ ಮೂಗಿನ ಮುಂದಿನ ಹಿಮದ ಇಳಿಜಾರು ಕಾಣುವುದಿಲ್ಲ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಬಡಿದು 257 ಮಂದಿ ಸತ್ತದ್ದು ದೊಡ್ಡ ಪ್ರಯಾಣಿಕ ವಿಮಾನದಲ್ಲಿ. ವಿಮಾನದ ಹಾದಿ ಬದಲಾಗಿದ್ದು ಸಿಬ್ಬಂದಿಗೆ ತಿಳಿದಿರಲಿಲ್ಲ, ಎದುರಿನ ಏರುನೆಲ ಅವರ ಕಣ್ಣಿಗೆ ಸಮತಟ್ಟಾದ ಬಿಳಿ ಬಯಲಾಗಿ ಕಂಡಿತು.

ಸಣ್ಣ ವಿಮಾನದ ಪೈಲಟ್‌ಗಳು ಇದಕ್ಕೆ ಕಂಡುಕೊಂಡಿರುವ ಉಪಾಯ ಸರಳ. ಮೊದಲ ಸುತ್ತಿನಲ್ಲಿ ಇಳಿಯುವುದಿಲ್ಲ. ತಗ್ಗಿನಲ್ಲಿ ಹಾರುತ್ತಾ ಸ್ಪ್ರೂಸ್ ಮರದ ಕೊಂಬೆಗಳನ್ನೋ ಭಾರ ತುಂಬಿದ ಕಪ್ಪು ಪ್ಲಾಸ್ಟಿಕ್ ಚೀಲಗಳನ್ನೋ ಸಾಲಾಗಿ ಬೀಳಿಸುತ್ತಾರೆ. ಬಿಳಿ ಹಾಳೆಯ ಮೇಲೆ ನಾಲ್ಕು ಚುಕ್ಕೆ ಬಿದ್ದರೆ ಸಾಕು, ಕಣ್ಣಿಗೆ ಎತ್ತರ ಸಿಕ್ಕಿಬಿಡುತ್ತದೆ. ಹಾಗೆ ಗುರುತು ಬೀಳಿಸಲೂ ಆಗದೆ ಇಳಿಯಲೇಬೇಕಾದ ಸ್ಥಿತಿ ಬಂದರೆ, ನಿಶ್ಚಲ ನೀರಿನ ಮೇಲೆ ಇಳಿಯುವ ಸೀ-ಪ್ಲೇನ್ ಪೈಲಟ್‌ಗಳ ಕ್ರಮವೇ ಇಲ್ಲಿಗೂ. ಮೂಗು ತುಸು ಎತ್ತಿ, ಎಂಜಿನ್ ಶಕ್ತಿ ಬಿಡದೆ, ನಿಮಿಷಕ್ಕೆ 150 ಅಡಿಯಂತೆ ಒಂದೇ ಸಮನೆ ಇಳಿಸುತ್ತಾ ಹೋಗಬೇಕು. ನೆಲ ಬಂತೆಂದು ಊಹಿಸಿ ಮೂಗು ಎತ್ತಬಾರದು. ಊಹಿಸಿ ಎತ್ತಿದವರು ನೆಲಕ್ಕಿಂತ ಹತ್ತಿಪ್ಪತ್ತು ಅಡಿ ಮೇಲೆ ವೇಗ ಕಳೆದುಕೊಂಡು ಧೊಪ್ಪೆಂದು ಬೀಳುತ್ತಾರೆ. ಎತ್ತದೆ ವೇಗವಾಗಿ ಬಂದವರು ಮೂಗು ಹುಗಿಸುತ್ತಾರೆ. ಈ ಕ್ರಮದಲ್ಲಿ ಇಳಿಯಲು ತುಂಬಾ ಉದ್ದದ ಜಾಗ ಬೇಕು. ಗಿಡ್ಡ ಸ್ಟ್ರಿಪ್‌ನಲ್ಲಿ ಬೆಳಕು ಚಪ್ಪಟೆಯಾಗಿದ್ದರೆ ವಾಪಸು ಹೋಗುವುದೊಂದೇ ಸರಿಯಾದ ದಾರಿ.

ಪ್ರಶ್ನೆ: ವಿಮಾನಕ್ಕೆ ಸ್ಕೀ ಹೇಗೆ ಕಟ್ಟುತ್ತಾರೆ? ಅದಕ್ಕೆ ಬ್ರೇಕ್ ಇರುತ್ತದೆಯೇ? (ಸುರತ್ಕಲ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ)

ಬ್ರೇಕ್ ಇಲ್ಲ. ಹೆಚ್ಚಿನ ಎಡವಟ್ಟುಗಳಿಗೆ ಮೂಲ ಅದೇ.

ಸ್ಕೀಯನ್ನು, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿಯನ್ನು, ಚಕ್ರದ ಅಚ್ಚಿಗೆ ಜೋಡಿಸುತ್ತಾರೆ, ಅದು ಅಚ್ಚಿನ ಮೇಲೆ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಬಲ್ಲದು. ಹಾರುವಾಗ ಗಾಳಿಯ ಹೊಡೆತಕ್ಕೆ ಅದರ ಮೂತಿ ಕೆಳಗೆ ತಿರುಗದಂತೆ ಮುಂಭಾಗದಲ್ಲಿ ಬಂಜಿ, ಅಂದರೆ ದಪ್ಪ ರಬ್ಬರ್ ಹಗ್ಗ, ಮೂತಿಯನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಬಂಜಿಯ ಜೊತೆಗೇ ಒಂದು ಉಕ್ಕಿನ ಸುರಕ್ಷಾ ಕೇಬಲ್. ಹಿಂಭಾಗದಲ್ಲಿ ಇನ್ನೊಂದು ಕೇಬಲ್, ಮೂತಿ ಅತಿಯಾಗಿ ಮೇಲೇಳದಂತೆ ತಡೆಯಲು. ಚಳಿಗೆ ರಬ್ಬರ್ ಸೆಟೆಯುತ್ತದೆ, ಬಿರುಕು ಬಿಡುತ್ತದೆ. ಬಂಜಿ ಕಡಿದು, ಮುಂದಿನ ಕೇಬಲ್ಲೂ ಸಡಿಲವಾಗಿದ್ದರೆ ಸ್ಕೀ ಗಾಳಿಯಲ್ಲಿ ಹಲಗೆಯಂತೆ ನೆಟ್ಟಗೆ ನಿಂತುಬಿಡುತ್ತದೆ. ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತದೆ, ಮೂಗು ತಗ್ಗುತ್ತದೆ. ಹಾಗೇ ಇಳಿದರೆ ಆ ಮೂತಿ ಹಿಮಕ್ಕೆ ಚುಚ್ಚಿ ವಿಮಾನ ಮಗುಚುವುದು ಖಂಡಿತ. ಹಾಗಾಗಿ ಪ್ರತಿ ಹಾರಾಟಕ್ಕೂ ಮೊದಲು ಬಂಜಿಯನ್ನು ಕೈಯಲ್ಲಿ ಹಿಡಿದು, ಕೇಬಲ್‌ನ ಒಂದೊಂದು ಎಳೆ, ಕೊಂಡಿ, ಪಿನ್ನು ನೋಡಿಯೇ ಹತ್ತಬೇಕು.

ಸ್ಕೀಯ ತಳಕ್ಕೆ ಈಗ ಪಾಲಿಥೀನ್ ಹಾಳೆ ಹಾಕುತ್ತಾರೆ, ಹಿಮ ಕಡಿಮೆ ಅಂಟುತ್ತದೆ. ಚಕ್ರ-ಸ್ಕೀ ಎಂಬ ಜೋಡಿ ವ್ಯವಸ್ಥೆಯೂ ಇದೆ: ಹೈಡ್ರಾಲಿಕ್ ಪಂಪಿನಿಂದ ಸ್ಕೀಯನ್ನು ಚಕ್ರಕ್ಕಿಂತ ಕೆಳಗಿಳಿಸಿ ಹಿಮದ ಮೇಲೂ, ಮೇಲೆತ್ತಿ ಡಾಂಬರಿನ ಮೇಲೂ ಇಳಿಯಬಹುದು. ಸ್ವಿಟ್ಜರ್‌ಲ್ಯಾಂಡಿನ ಹರ್ಮನ್ ಗೈಗರ್ 1952ರಲ್ಲಿ ಇಂಥದ್ದೇ ಸ್ಕೀ ಕಟ್ಟಿದ ಪುಟ್ಟ ವಿಮಾನವನ್ನು ಹಿಮನದಿಯ ಮೇಲೆ ಇಳಿಸಿ ಪರ್ವತ ರಕ್ಷಣೆಯ ರೀತಿಯನ್ನೇ ಬದಲಿಸಿದರು. ಆದರೆ ಚಕ್ರ ಕೆಳಗಿರುವುದನ್ನು ಮರೆತು ಆಳ ಹಿಮದಲ್ಲಿ ಇಳಿದರೆ ಪಲ್ಟಿ. ಅಲಾಸ್ಕಾದ ಡೆನಾಲಿ ಪರ್ವತದ ಕಾಹಿಲ್ಟ್ನಾ ಹಿಮನದಿಯಲ್ಲಿ, 2,200 ಮೀಟರ್ ಎತ್ತರದ ಶಿಬಿರಕ್ಕೆ, ಪರ್ವತಾರೋಹಿಗಳನ್ನು ಕರೆದೊಯ್ಯುವ ವಿಮಾನಗಳು ಟಾಲ್ಕೀಟ್ನಾದ ಡಾಂಬರು ರನ್‌ವೇಯಿಂದ ಚಕ್ರದ ಮೇಲೆ ಏರಿ, ಸ್ವಲ್ಪ ಹೊತ್ತಿನಲ್ಲೇ ಸ್ಕೀ ಮೇಲೆ ಇಳಿಯಬೇಕು. ಅಲ್ಲಿ ಚೆಕ್‌ಲಿಸ್ಟ್ ಓದುವಾಗ ಬಾಯಲ್ಲಿ ಹೇಳಿದರೆ ಸಾಲದು, ತಲೆ ಹೊರಳಿಸಿ ಸ್ಕೀಯನ್ನು ಕಣ್ಣಾರೆ ನೋಡಬೇಕು.

ಹಿಮನದಿಯಲ್ಲಿ ಯಾವಾಗಲೂ ಏರುಮುಖವಾಗಿ ಇಳಿಯುತ್ತಾರೆ. ನೆಲ ಮುಟ್ಟಿದ ಕೂಡಲೇ ಎಂಜಿನ್ ತಗ್ಗಿಸಬಾರದು, ಮೆತ್ತನೆ ಹಿಮದಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಶಕ್ತಿ ಕೊಟ್ಟು ಮೇಲಿನವರೆಗೆ ಓಡಿಸಿ, ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ ನಿಲ್ಲಿಸಬೇಕು. ನೆಟ್ಟಗೆ ನಿಲ್ಲಿಸಿದರೆ ಬ್ರೇಕಿಲ್ಲದ ವಿಮಾನ ತಾನಾಗಿ ಜಾರುತ್ತದೆ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿಯುವುದಾದರೆ ಇನ್ನೊಂದು ಪರೀಕ್ಷೆ ಉಂಟು. ಹಿಮದ ಭಾರಕ್ಕೆ ಮಂಜುಗಡ್ಡೆ ಕುಸಿದು, ಬಿರುಕಿನಿಂದ ನೀರು ಮೇಲೆ ಬಂದು, ಹಿಮದ ಹೊದಿಕೆಯ ಅಡಿಯಲ್ಲಿ ಹಾಗೇ ನಿಂತಿರುತ್ತದೆ. ಮೈನಸ್ 30 ಡಿಗ್ರಿಯಲ್ಲೂ ಅದು ಹೆಪ್ಪುಗಟ್ಟದಿರಬಹುದು. ಮೇಲಿನಿಂದ ನೋಡಿದರೆ ನಯವಾದ ಬಿಳಿ ಬಯಲು. ಪೈಲಟ್ ಹಾರುವ ವೇಗ ಬಿಡದೆ, ಸ್ಕೀಯ ತಳ ಮಾತ್ರ ತಾಗುವಂತೆ ಹಿಮದ ಮೇಲೆ ಉದ್ದಕ್ಕೂ ಗೀರು ಎಳೆದು, ಮೇಲೇರಿ, ಸುತ್ತು ಹಾಕಿ ಬಂದು ಆ ಗೀರನ್ನು ನೋಡುತ್ತಾರೆ. ಗೀರು ಬಿಳಿಯಾಗಿಯೇ ಇದ್ದರೆ ಒಳ್ಳೆಯದು. ಎರಡು ಗೆರೆಗಳು ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿ ಕಪ್ಪಾಗತೊಡಗಿದರೆ ಅಡಿಯಲ್ಲಿ ನೀರಿದೆ ಎಂದರ್ಥ. ಅಲ್ಲಿ ನಿಂತರೆ ಸ್ಕೀ ಮುಳುಗುತ್ತದೆ, ಮರುದಿನ ಕಾಂಕ್ರೀಟಿನಲ್ಲಿ ಹೂತಂತೆ ಸಿಕ್ಕಿರುತ್ತದೆ.

ಒಣ ಹಿಮದಲ್ಲೂ ಸ್ಕೀ ಅಂಟುತ್ತದೆ. ಜಾರುವಾಗಿನ ಘರ್ಷಣೆಗೆ ತಳ ಬೆಚ್ಚಗಾಗಿ ಹಿಮ ಕರಗುತ್ತದೆ, ನಿಂತ ಮೇಲೆ ಅದೇ ನೀರು ಗಟ್ಟಿಯಾಗುತ್ತದೆ. ತಾನೇ ತುಳಿದ ಜಾಡಿನ ಮೇಲೆ ವಾಪಸು ಬಂದು, ಸ್ಕೀಯ ಅಡಿಗೆ ಹಲಗೆಯನ್ನೋ ಕೊಂಬೆಯನ್ನೋ ಕೊಟ್ಟು ನಿಲ್ಲಿಸುವುದು ಸರಿಯಾದ ಕ್ರಮ. ಅಂಟಿದ ವಿಮಾನವನ್ನು ಬಿಡಿಸಲು ಎಂಜಿನ್ ಓಡುತ್ತಿರುವಾಗ ಯಾರಾದರೂ ರೆಕ್ಕೆಯ ಕೋಲು ಹಿಡಿದು ಅಲುಗಿಸುವುದುಂಟು. ಕಾಲು ಜಾರುವ ಜಾಗ, ಎದುರಿಗೆ ತಿರುಗುವ ಪ್ರೊಪೆಲ್ಲರ್. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಎಂಜಿನ್ ನಿಲ್ಲಿಸಿ, ಬಾಲವನ್ನು ಪಕ್ಕಕ್ಕೆ ತಳ್ಳಿ ಸ್ಕೀ ಸಡಿಲಿಸಿ.

ಪ್ರಶ್ನೆ: ಬೆಳಗ್ಗೆ ಸುರಕ್ಷಿತವಾಗಿ ಇಳಿದ ಜಾಗದಲ್ಲೇ ಮಧ್ಯಾಹ್ನ ವಿಮಾನ ಮಗುಚುವುದು ಯಾಕೆ? ನಮ್ಮ ಮಳೆಗಾಲದ ರನ್‌ವೇಗೂ ಹಿಮದ ರನ್‌ವೇಗೂ ಹೋಲಿಕೆ ಇದೆಯೇ? (ಮಣಿಪಾಲ)

ಪಣಂಬೂರಿನ ಮರಳು ನೆನಪಿಸಿಕೊಳ್ಳಿ. ಅಲೆ ಒದ್ದೆ ಮಾಡಿದ ಅಂಚಿನಲ್ಲಿ ಸೈಕಲ್ ಓಡುತ್ತದೆ, ನಾಲ್ಕು ಹೆಜ್ಜೆ ಮೇಲೆ ಒಣ ಮರಳಿಗೆ ಬಂದರೆ ಮುಂಚಕ್ರ ಹುಗಿದು ನೀವು ಹ್ಯಾಂಡಲ್ ಮೇಲೆ ಬೀಳುತ್ತೀರಿ. ಹಿಮವೂ ಹಾಗೆಯೇ, ಆದರೆ ಜಾಗ ಬದಲಾಗದೆ ಹೊತ್ತಿನ ಜೊತೆ ಬದಲಾಗುತ್ತದೆ. ರಾತ್ರಿಯ ಚಳಿಗೆ ಮೇಲ್ಪದರ ಗಟ್ಟಿಯಾಗಿ ಬೆಳಗ್ಗೆ ಚಕ್ರದ ಭಾರ ತಡೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಸಡಿಲಾಗಿ, ಇಳಿದ ವಿಮಾನದ ವೇಗ ಕುಗ್ಗಿ ಪೂರ್ತಿ ಭಾರ ಚಕ್ರಕ್ಕೆ ಬಂದ ಕ್ಷಣ ಒಡೆಯುತ್ತದೆ. ಮೂಗಿನಡಿ ಚಕ್ರವಿರುವ ವಿಮಾನಕ್ಕೆ ಆ ಚಕ್ರವೇ ಶತ್ರು. ಬಾಲದಡಿ ಚಕ್ರವಿರುವವು ಸ್ವಲ್ಪ ಮೇಲು, ಆದರೆ ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಅವೂ ಮೂಗಿನ ಮೇಲೆ ನಿಲ್ಲುತ್ತವೆ. ಪ್ರೊಪೆಲ್ಲರ್ ಹಿಮಕ್ಕೆ ಬಲವಾಗಿ ಬಡಿದರೆ ಎಂಜಿನ್ ಬಿಚ್ಚಿ ಪರೀಕ್ಷಿಸದೆ ಮತ್ತೆ ಹಾರುವಂತಿಲ್ಲ.

ಗಾಳಿ ಕೊರೆದ ಹಿಮದ ಏಣುಗಳು ಇನ್ನೊಂದು ತೊಂದರೆ. ತೀರದ ಮರಳಿನ ಅಲೆಗಳಂತೆಯೇ ಇರುತ್ತವೆ, ಆದರೆ ಮೊಣಕಾಲೆತ್ತರ, ಗಾರೆಯಷ್ಟು ಗಟ್ಟಿ. ಅಡ್ಡಗಾಳಿ ಇದ್ದರೂ ಪರವಾಗಿಲ್ಲ, ಅವುಗಳ ಉದ್ದಕ್ಕೇ ಇಳಿಯಬೇಕು. ಅಡ್ಡಲಾಗಿ ಇಳಿದರೆ ವಿಮಾನದ ಚಕ್ರದ ಕಾಲು ಮುರಿಯುತ್ತದೆ.

ಹೋಲಿಕೆಯ ಪ್ರಶ್ನೆಗೆ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2021ರ ನವೆಂಬರ್‌ನಿಂದ ಜಾರಿಗೆ ತಂದ ಕ್ರಮದಲ್ಲಿ ಎಲ್ಲ ಬಗೆಯ ರನ್‌ವೇಗಳಿಗೂ ಒಂದೇ ಅಳತೆಗೋಲು. ಒಣ ರನ್‌ವೇಗೆ 6 ಅಂಕ, ಒದ್ದೆಗೆ 5. ಮೈನಸ್ 15 ಡಿಗ್ರಿ ಅಥವಾ ಅದಕ್ಕೂ ಚಳಿಯಲ್ಲಿ ತುಳಿದು ಗಟ್ಟಿಯಾದ ಹಿಮಕ್ಕೆ 4, ಅದಕ್ಕಿಂತ ಬೆಚ್ಚಗಿದ್ದರೆ 3. ಮೂರು ಮಿಲಿಮೀಟರ್‌ಗಿಂತ ಆಳದ ಹಿಮದ ಕೆಸರಿಗೆ 2, ಮಂಜುಗಡ್ಡೆಗೆ 1, ನೀರು ನಿಂತ ಮಂಜುಗಡ್ಡೆಗೆ 0. ಜುಲೈ ತಿಂಗಳ ಜಡಿಮಳೆಯಲ್ಲಿ ರನ್‌ವೇ ಮೇಲೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು ನೀರು ನಿಂತರೆ ಅದಕ್ಕೂ ಅಂಕ 2. ಅಂದರೆ ಹಿಮದ ಕೆಸರಿನ ಸಾಲಿನಲ್ಲೇ ನಮ್ಮ ಮಳೆನೀರೂ ನಿಲ್ಲುತ್ತದೆ. ಟೈರ್ ನೀರಿನ ಮೇಲೆ ತೇಲತೊಡಗುವ ವೇಗ ಸುಮಾರಾಗಿ ಹೀಗೆ: ಟೈರಿನೊಳಗಿನ ಗಾಳಿ ಎಷ್ಟು ಪಿಎಸ್‌ಐ ಇದೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 200 ಪಿಎಸ್‌ಐ ಟೈರ್ 127 ನಾಟ್‌ನಲ್ಲಿ ತೇಲಿದರೆ 30 ಪಿಎಸ್‌ಐ ಇರುವ ಸಣ್ಣ ವಿಮಾನದ ಟೈರ್ 49 ನಾಟ್‌ನಲ್ಲೇ ತೇಲುತ್ತದೆ. ಸಣ್ಣದು ನಿಧಾನವಾಗಿ ಇಳಿಯುತ್ತದೆ, ಜಾರುವುದಿಲ್ಲ ಎಂಬ ನಂಬಿಕೆ ತಪ್ಪು.

ದೂರದ ಸ್ಟ್ರಿಪ್‌ಗಳಲ್ಲಿ ಅಂಕ ಕೊಡುವವರು ಯಾರೂ ಇರುವುದಿಲ್ಲ. ಕೆಳಗೆ ಶಿಬಿರದವರಿದ್ದರೆ ರೇಡಿಯೊದಲ್ಲಿ ಕೇಳಬೇಕಾದದ್ದು 'ರನ್‌ವೇ ಚೆನ್ನಾಗಿದೆಯಾ' ಎಂದಲ್ಲ. ಕಾಲಿಟ್ಟರೆ ಎಷ್ಟು ಹುಗಿಯುತ್ತದೆ, ಕೊನೆಯ ಹಿಮ ಯಾವಾಗ ಬಿತ್ತು, ಗಾಳಿ ಎಲ್ಲಿ ರಾಶಿ ಹಾಕಿದೆ ಎಂದು ಕೇಳಬೇಕು. ಇನ್ನೂ ಒಂದು: ಕೆಸರಿನಿಂದ ಮೇಲೇರಿದ ವಿಮಾನದ ಬ್ರೇಕಿಗೆ ಮೆತ್ತಿದ ಕೆಸರು ಮೇಲೆ ಹೆಪ್ಪುಗಟ್ಟಿ, ಮುಂದಿನ ಊರಿನಲ್ಲಿ ಚಕ್ರ ತಿರುಗದೇ ಇಳಿಯುತ್ತದೆ. ಚಳಿಗಾಲದಲ್ಲಿ ಚಕ್ರದ ಮೇಲಿನ ಹೊದಿಕೆ ಬಿಚ್ಚಿಡುವುದು ಇದಕ್ಕಾಗಿ.

ಪ್ರಶ್ನೆ: ಚಳಿಯಲ್ಲಿ ಎತ್ತರ ತೋರಿಸುವ ಮೀಟರ್ ಸುಳ್ಳು ಹೇಳುತ್ತದೆ ಎನ್ನುವುದು ನಿಜವೇ? (ಪುತ್ತೂರು)

ನಿಜ. ಅಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ತಣ್ಣನೆ ಗಾಳಿ ಕುಗ್ಗಿರುತ್ತದೆ, ಒತ್ತಡದ ಪದರಗಳು ನೆಲಕ್ಕೆ ಹತ್ತಿರ ಬರುತ್ತವೆ. ನೆಲದಲ್ಲಿ ಮೈನಸ್ 30 ಡಿಗ್ರಿ ಇರುವಾಗ ಮೀಟರ್ ನೆಲದಿಂದ 1,000 ಅಡಿ ಎಂದು ತೋರಿಸಿದರೆ ವಿಮಾನ ನಿಜವಾಗಿ 190 ಅಡಿ ಕೆಳಗಿರುತ್ತದೆ. ಮೈನಸ್ 10ರಲ್ಲಿ ವ್ಯತ್ಯಾಸ 100 ಅಡಿ. ಮೋಡದೊಳಗಿಂದ ಇಳಿಯುವ ಪೈಲಟ್‌ಗಳು ಕೋಷ್ಟಕ ನೋಡಿ ಇಷ್ಟನ್ನು ಕೂಡಿಸಿಕೊಳ್ಳಬೇಕು.

ಪ್ರಶ್ನೆ: ಮಗ ಕೆನಡಾದಲ್ಲಿ ಪೈಲಟ್ ತರಬೇತಿಗೆ ಸೇರಿದ್ದಾನೆ. ಹಿಮದಲ್ಲಿ ವಿಮಾನ ಬಿದ್ದರೆ ಬದುಕುವ ಸಾಧ್ಯತೆ ಇದೆಯೇ? ಅವನಿಗೆ ಏನು ಹೇಳಲಿ? (ಕಾರ್ಕಳದ ತಾಯಿ)

ಅಮ್ಮ, ಸಾಧ್ಯತೆ ಖಂಡಿತ ಇದೆ. 1946ರ ನವೆಂಬರ್ 19ರಂದು ಅಮೆರಿಕದ ಡಕೋಟಾ ಮಾದರಿಯ ವಿಮಾನವೊಂದು ಆಲ್ಪ್ಸ್‌ನ ಗೌಲಿ ಹಿಮನದಿಗೆ ಬಡಿಯಿತು. ಆಳ ಹಿಮದ ಮೇಲೆ ಜಾರಿ ನಿಂತಿತು, ಒಳಗಿದ್ದ 12 ಮಂದಿಯೂ ಬದುಕಿದರು. ಐದು ದಿನಗಳ ನಂತರ ಸ್ವಿಸ್ ಪೈಲಟ್‌ಗಳು ಸ್ಕೀ ಕಟ್ಟಿದ ಪುಟ್ಟ ಸ್ಟಾರ್ಕ್ ವಿಮಾನಗಳನ್ನು ಅಲ್ಲಿಯೇ ಇಳಿಸಿ ಎಲ್ಲರನ್ನೂ ಕರೆತಂದರು. ಬಿದ್ದ ಮೇಲೆ ಜೀವ ಕಾಯುವುದು ಮೂರು ಸಂಗತಿ: ಹೆಗಲ ಪಟ್ಟಿ, ಬೆಚ್ಚನೆ ಬಟ್ಟೆ, ಸಂಕೇತ.

ಸೊಂಟದ ಪಟ್ಟಿಯ ಜೊತೆ ಹೆಗಲ ಪಟ್ಟಿಯನ್ನೂ ಬಿಗಿದಿದ್ದರೆ ತಲೆ ಡ್ಯಾಶ್‌ಬೋರ್ಡಿಗೆ ಬಡಿಯುವುದಿಲ್ಲ. ಬೆಚ್ಚನೆ ಜಾಕೆಟ್, ಬೂಟು, ಕೈಗವಸು ಹಿಂದಿನ ಡಿಕ್ಕಿಯಲ್ಲಿ ಇಡುವುದಕ್ಕಲ್ಲ, ಮೈಮೇಲೆ ಇರಲಿ. ಕ್ಯಾಬಿನ್ ಹೀಟರ್ ಇದೆ ಎಂದು ತೆಳು ಅಂಗಿಯಲ್ಲಿ ಕೂರುವುದು ಬೇಡ, ಎಂಜಿನ್ ನಿಂತ ಕೂಡಲೇ ಹೀಟರೂ ನಿಲ್ಲುತ್ತದೆ. ಅಲಾಸ್ಕಾದಲ್ಲಂತೂ ಕಾನೂನೇ ಇದೆ: ವಿಮಾನದಲ್ಲಿ ಆಹಾರ, ಬೆಂಕಿ ಹೊತ್ತಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸಂಕೇತ ಕೊಡುವ ಸಾಧನ ಇರಲೇಬೇಕು. ಹಳೆಯ ನಿಯಮದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 1ರವರೆಗೆ ಇದರ ಜೊತೆಗೆ ಹಿಮದ ಮೇಲೆ ನಡೆಯುವ ಪಾದುಕೆ ಮತ್ತು ಮಲಗುವ ಚೀಲವೂ ಬೇಕಿತ್ತು.

ಸಂಕೇತದ ವಿಷಯ ಅವನಿಗೆ ಒತ್ತಿ ಹೇಳಿ. ವಿಮಾನದಲ್ಲಿರುವ ಇಎಲ್‌ಟಿ ಪೆಟ್ಟಿಗೆ ಬಲವಾದ ಹೊಡೆತಕ್ಕೆ ತಾನಾಗಿ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಕಳಿಸುತ್ತದೆ. ಈ ಜಾಲದ ಭಾರತದ ಕೇಂದ್ರ ಬೆಂಗಳೂರಿನಲ್ಲೇ ಇದೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆಲಿಸುತ್ತಿಲ್ಲ. ಹಾಗಾಗಿ ಅವನು ಹತ್ತುವ ವಿಮಾನದಲ್ಲಿ ಯಾವುದಿದೆ ಎಂದು ಕೇಳಲಿ. 406 ಇದ್ದರೂ ಹೊಡೆತಕ್ಕೆ ಆಂಟೆನಾದ ವಯರ್ ಕಡಿದರೆ, ವಿಮಾನ ಬೆನ್ನಡಿಯಾಗಿ ಆಂಟೆನಾ ಹಿಮದಲ್ಲಿ ಹೂತರೆ ಕೂಗು ಹೊರಗೆ ಹೋಗದು. ಆದ್ದರಿಂದ ಅಂಗೈಯಷ್ಟು ದೊಡ್ಡ ವೈಯಕ್ತಿಕ ಬೀಕನ್ (ಸಂಕೇತ ಕಳಿಸುವ ಸಾಧನ) ಒಂದನ್ನು ಕೊಂಡು ಅವನದೇ ಜಾಕೆಟ್ ಜೇಬಿನಲ್ಲಿಟ್ಟುಕೊಳ್ಳಲಿ, ಚೀಲದಲ್ಲಲ್ಲ. ಕೊಂಡ ಮೇಲೆ ಅದನ್ನು ಅವನ ಹೆಸರಿನಲ್ಲಿ ನೋಂದಾಯಿಸಿ, ಸಂಪರ್ಕ ಸಂಖ್ಯೆ ಬರೆಯುವ ಜಾಗದಲ್ಲಿ ತಕ್ಷಣ ಫೋನ್ ಎತ್ತುವವರ ನಂಬರ್ ಕೊಡಲಿ. ಕೂಗು ಬಂದಾಗ ರಕ್ಷಣಾ ಕೇಂದ್ರದವರು ಮೊದಲು ವಿಚಾರಿಸುವುದು ಆ ನಂಬರಿನಲ್ಲೇ. ಬಿದ್ದ ಮೇಲೆ ನಡೆದುಕೊಂಡು ಹೊರಡಬಾರದು. ಬಿಳಿ ಬಯಲಿನಲ್ಲಿ ಒಬ್ಬ ಮನುಷ್ಯನಿಗಿಂತ ಮುರಿದ ವಿಮಾನವೇ ಮೇಲಿನಿಂದ ಬೇಗ ಕಾಣುತ್ತದೆ. ರೆಕ್ಕೆಯ ಮೇಲೆ ಬಿದ್ದ ಹಿಮವನ್ನು ಆಗಾಗ ಗುಡಿಸುತ್ತಿರಲಿ.

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಲುಕ್ಲಾ ವಿಮಾನ ಹಿಡಿಯಬೇಕು. ಪ್ರಯಾಣಿಕರಾಗಿ ನಮ್ಮ ಕೈಯಲ್ಲಿ ಏನಿದೆ? (ಉಡುಪಿಯ ಚಾರಣ ಬಳಗ)

ಬೆಳಗಿನ ಮೊದಲ ಹಾರಾಟಗಳಲ್ಲೇ ಸೀಟು ಕೇಳಿ, ಹೊತ್ತೇರಿದಂತೆ ಕಣಿವೆಯ ಗಾಳಿ ಜೋರಾಗುತ್ತದೆ, ಮೋಡ ಕಟ್ಟುತ್ತದೆ. 3,256 ಮೀಟರ್ ಎತ್ತರದ ಲೇಹ್‌ನಲ್ಲೂ ಹಾರಾಟಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ ಮುಗಿಯುವುದು ಇದೇ ಕಾರಣಕ್ಕೆ. ಸಾಮಾನು ಸಾಮಾನ್ಯವಾಗಿ ಕೈಚೀಲ ಸೇರಿ 15 ಕಿಲೋ. ತೂಕದ ಹೊತ್ತಿಗೆ ಜಾಕೆಟಿನ ಜೇಬಿಗೆ ಕ್ಯಾಮೆರಾ, ಪವರ್ ಬ್ಯಾಂಕ್ ತುರುಕಿ ತಪ್ಪಿಸಬೇಡಿ, ಪೈಲಟ್ ಲೆಕ್ಕ ಹಾಕುವುದು ಆ ಅಂಕಿಯನ್ನೇ ನಂಬಿ. ವಾಪಸು ಬರುವಾಗ ಲುಕ್ಲಾಕ್ಕೂ ಕಠ್ಮಂಡುವಿನಿಂದ ನೀವು ಹಿಡಿಯುವ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಡುವು ಇಟ್ಟುಕೊಳ್ಳಿ. ಇಡೀ ಬಳಗ ಕೌಂಟರಿನ ಮುಂದೆ ನಿಂತು 'ಇವತ್ತು ಹೋಗಲೇಬೇಕು' ಎಂದು ಗದ್ದಲ ಮಾಡುವ ಸಂದರ್ಭ ಆಗ ಬರುವುದಿಲ್ಲ. ಆ ಒತ್ತಡ ಕೌಂಟರಿನಲ್ಲೇ ನಿಲ್ಲುವುದಿಲ್ಲ, ಕಾಕ್‌ಪಿಟ್‌ವರೆಗೂ ಹೋಗುತ್ತದೆ. ಲುಕ್ಲಾದ ಹತ್ತಿರದವರೆಗೆ ಹೋದ ವಿಮಾನ ಮೋಡ ನೋಡಿ ತಿರುಗಿ ಬಂದರೆ, ಇಳಿಯುವಾಗ ಆ ಪೈಲಟ್‌ಗೆ ಒಂದು ನಮಸ್ಕಾರ ಹೇಳಿ ಬನ್ನಿ.